ಕುರುಡು ಬಾವಿಯ ಗಡಿ

ಟಿಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಕ್.

ಮಿಜ್ನಾ ಕಣ್ಣು ತೆರೆಯದೆ ಕೇಳಿದಳು. ನಡುರಾತ್ರಿ ಕಳೆದಿತ್ತು. ಕತ್ತೆಗಳು ಸುಮ್ಮನಿದ್ದವು; ಅಂದರೆ ಬಂದವನು ಗುರುತಿನವನು. ಉಳಿಯ ತಲೆಗೆ ಬಟ್ಟೆ ಸುತ್ತಿ ಹೊಡೆಯುತ್ತಿದ್ದಾನೆ. ಬಟ್ಟೆ ಸುತ್ತಿದರೇನು, ಕಬ್ಬಿಣದ ದನಿ ಅವಳಿಗೆ ತಿಳಿಯದೆ ಹೋಗುವುದಿಲ್ಲ. ಆ ಉಳಿಗೆ ಮೊನ್ನೆ ಹದ ಹಾಕಿ ಕೊಟ್ಟವಳು ಅವಳೇ. ಶೇಖ್ ಮುತ್ಲಿಖನ ಗುಲಾಮ ಸಾಲ್ಮೀನ್ ತಂದಿದ್ದ. ಕೂಲಿ ಎರಡು ಹಿಡಿ ಖರ್ಜೂರ, ಅದರಲ್ಲಿ ಅರ್ಧ ಹುಳ.

"ಅತ್ತೆ, ಕೇಳ್ತಾ?"

"ನಾನು ಕುರುಡಿ ಕಣೇ, ಕಿವುಡಿಯಲ್ಲ," ಎಂದಳು ಪಕ್ಕದಲ್ಲಿ ಮಲಗಿದ್ದ ಅಮ್ಶಾ. "ನಮ್ ಬಾವಿ ಹತ್ರ ಯಾವನೋ ಕಲ್ಲು ಕುಟ್ತಾವ್ನೆ. ಸುಮ್ಕೆ ಬಿದ್ಕೋ. ಎದ್ದು ಕೇಳಿದ್ರೆ ನಮ್ ತಲೆ ಕುಟ್ತಾನೆ."

ಸದ್ದು ನಿಂತಿತು. ಹೆಜ್ಜೆಗಳು ದೂರವಾದವು. ಮಿಜ್ನಾ ನೂರರವರೆಗೆ ಎಣಿಸಿ, ನಂಬಿಕೆ ಸಾಲದೆ ಇನ್ನೊಂದು ನೂರು ಎಣಿಸಿ, ಎದ್ದು ಹೋದಳು.

ಬಾವಿಯ ಬಾಯಿ ಮುಚ್ಚುವ ಚಪ್ಪಡಿಯ ಮೇಲಿನ ಮರಳನ್ನು ಬದಿಗೆ ಸರಿಸಿದ್ದರು. ಬೆರಳಾಡಿಸಿ ಓದಿದಳು: ಎರಡು ಗೆರೆ, ಒಂದು ಬಳೆ. ಮುತ್ಲಿಖನ ಕುಲ ತನ್ನ ಒಂಟೆಗಳ ತೊಡೆಗೆ ಸುಡುವ ಬರೆ ಅದು. ಆ ಬರೆಯ ಕಬ್ಬಿಣವನ್ನು ಮಾಡಿಕೊಟ್ಟವನೂ ಅವಳ ಗಂಡನೇ.

ಮಿಜ್ನಾಳ ಜನ ಸಲೂಬಿಗಳು; ಅವರಿಗೆ ಬರೆಯಿಲ್ಲ. ಕತ್ತೆ ಸಾಕುವವರಿಗೆ ಬರೆ ಯಾಕೆ? ಅವರನ್ನು ಯಾರೂ ಕೊಳ್ಳೆ ಹೊಡೆಯುವುದಿಲ್ಲ. ಕತ್ತೆಯವರನ್ನು ದೋಚಿದರೆ ಒಂಟೆಯವರ ಮರ್ಯಾದೆ ಹೋಗುತ್ತದೆ. ಕೊಳ್ಳೆ ಮುಗಿದ ಮೇಲೆ ಎರಡೂ ಕಡೆಯ ಗಾಯಾಳುಗಳನ್ನು ಹೊತ್ತು ತಂದು ಸಲೂಬಿಗಳ ಗುಡಾರದ ಮುಂದೆ ಹಾಕುತ್ತಾರೆ. ಅದಕ್ಕೆ ಮರ್ಯಾದೆ ಅಡ್ಡ ಬರುವುದಿಲ್ಲ.

ಹೋದ ಚಳಿಗಾಲ ದಕ್ಷಿಣದವರು ಬಂದು ಹೊಡೆದಾಗ ಮುತ್ಲಿಖನೂ ಹಾಗೇ ಬಂದು ಬಿದ್ದಿದ್ದ, ತೊಡೆಯಲ್ಲಿ ಗುಂಡು. ನಾಲ್ಕು ದಿನ ಜ್ವರದಲ್ಲಿ ನೀರು ನೀರು ಎಂದ. ಸಾಲ್ಮೀನ್ ಈ ಬಾವಿಯಿಂದ ಸೇದಿ ತಂದು ಕುಡಿಸಿದ. ಗುಣವಾದ ದಿನ ಶೇಖ್ ತಾನು ಕುಡಿದ ಬಟ್ಟಲನ್ನು ಒಡೆಸಿಹಾಕಿದ. ಸಲೂಬಿಯ ಬಟ್ಟಲಲ್ಲಿ ಕುಡಿದ ಅಂತ ಯಾರೂ ಅನ್ನಬಾರದಲ್ಲ. ಬಟ್ಟಲು ಮಿಜ್ನಾಳದು. ಅದೇ ಕೊಳ್ಳೆಯಲ್ಲಿ ಅವಳ ಗಂಡ ಗುನೈಮನಿಗೂ ಒಂದು ಗುಂಡು ಬಿದ್ದಿತ್ತು; ಅವನು ಏಳಲಿಲ್ಲ. ಉತ್ತರದವರು ನಮ್ಮದಲ್ಲ ಎಂದರು, ದಕ್ಷಿಣದವರು ನಮ್ಮದಲ್ಲ ಎಂದರು. ಹಾಗಾಗಿ ಅವನು ಯಾರ ಗುಂಡಿನಿಂದಲೂ ಸತ್ತಿರಲಿಲ್ಲ.

ಈಗ ಉತ್ತರದ ಸರ್ಕಾರದವರೂ ದಕ್ಷಿಣದ ಸುಲ್ತಾನನವರೂ ಎರಡು ತಿಂಗಳಿಂದ ಬಿಳಿ ಡೇರೆಗಳಲ್ಲಿ ಕೂತು ಮರಳಿಗೆ ಗೆರೆ ಎಳೆಯುತ್ತಿದ್ದರು. ಗೆರೆ ಎಳೆದರೆ ಕೊಳ್ಳೆ ನಿಲ್ಲುತ್ತದಂತೆ. ನಿಯಮ ಸರಳವಾಗಿತ್ತು. ಬಾವಿಯ ಕಲ್ಲಿನ ಮೇಲೆ ಯಾವ ಕುಲದ ಬರೆಯಿದೆಯೋ ಬಾವಿ ಆ ಕುಲದ್ದು. ಕುಲ ಯಾವ ಸರ್ಕಾರಕ್ಕೆ ಸೇರಿದ್ದೋ ನೀರೂ ಅವರದು. ಮುತ್ಲಿಖನ ಕುಲ ಉತ್ತರದ್ದು. ನೀರು ಸಿಕ್ಕ ಕಡೆ ಠಾಣೆ. ಹೋದ ಬೇಸಿಗೆ, ಗೆರೆಗೂ ಮುಂಚೆಯೇ, ಮೂಡಣದ ಬಾವಿಗೆ ಠಾಣೆ ಬಂತು. ಅಲ್ಲಿದ್ದ ಅವಳ ತಂಗಿಯ ಸಂಸಾರವನ್ನು ಬಂದೂಕಿನ ಹಿಡಿಯಿಂದ ತಳ್ಳಿ ಕಳಿಸಿದರು. ಮುಂದಿನ ನೀರಿಗೆ ಮೂರು ದಿನದ ದಾರಿ. ಐದು ಜನ ಹೊರಟಿದ್ದರು, ತಂಗಿಯೂ ಅವಳ ಮಗಳೂ ಮುಟ್ಟಿದರು.

ನಾಳೆ ಈ ಕಡೆಯ ಸರದಿ. ದಾರಿ ತೋರಿಸಬೇಕಾದವಳು ಮಿಜ್ನಾ. ಉತ್ತರದವರ ಆಳನ್ನು ದಕ್ಷಿಣದವರು ನಂಬರು, ದಕ್ಷಿಣದವರ ಆಳನ್ನು ಉತ್ತರದವರು ನಂಬರು. ಸಲೂಬಿ ಯಾರಿಗೂ ಸೇರಿದವಳಲ್ಲ ಅಂತ ಇಬ್ಬರೂ ಒಪ್ಪಿದ್ದರು. ಎರಡು ತಿಂಗಳಲ್ಲಿ ಅವರು ಒಪ್ಪಿದ್ದು ಅದೊಂದನ್ನೇ.

"ಏನ್ ಕೆತ್ತವ್ನೆ?" ಅಮ್ಶಾ ತಡವರಿಸುತ್ತಾ ಬಂದು ಕೇಳಿದಳು.

"ಶೇಖನ ಬರೆ."

ಮುದುಕಿ ಕಲ್ಲನ್ನು ಮುಟ್ಟಿ ನೋಡಿದಳು. "ಬಳೆ ನೋಡು, ಮೊಟ್ಟೆ ಆಗೈತೆ. ಕಳ್ ಬೋಳಿಮಕ್ಳು, ಕಳ್ತನಾನೂ ನೆಟ್ಟಗೆ ಮಾಡಕ್ಕಿಲ್ಲ."

ಮಿಜ್ನಾ ಕಲ್ಲಿನ ಮೇಲಿಂದ ಕೈ ತೆಗೆದು ದಿಬ್ಬದ ಕಡೆ ನೋಡಿದಳು. "ಅತ್ತೆ, ಶೇಖ್ ಈ ಬಾವಿ ಕಣ್ಣಾರೆ ನೋಡವ್ನಾ?"

"ಜ್ವರದಲ್ಲಿ ಅವನಿಗೆ ಅವನ ಕಾಲೇ ಕಾಣ್ತಿರ್ಲಿಲ್ಲ."

"ಹಂಗಾದ್ರೆ ಕತ್ತೆ ಬಿಚ್ಚು."

ಚಪ್ಪಡಿಯನ್ನು ಗಳದಿಂದ ಮೀಟಿ ಜಿಂಕೆ ಚರ್ಮದ ಮೇಲೆ ಉರುಳಿಸಿದರು. ಎರಡು ಕತ್ತೆ ಮುಂದೆ ಎಳೆದವು, ಇಬ್ಬರು ಹೆಂಗಸರು ಹಿಂದಿನಿಂದ ನೂಕಿದರು. ದಿಬ್ಬದಾಚೆ ಕುರುಡು ಬಾವಿ ಎನ್ನುವ ಹಳ್ಳವಿತ್ತು; ಯಾವ ಕಾಲದಲ್ಲೋ ಯಾರೋ ತೋಡಿ, ನೀರು ಬಾರದೆ ಬಿಟ್ಟುಹೋದದ್ದು. ಅದರ ಬಾಯಿಗೆ ಕಲ್ಲು ಕೂರಿಸುವಾಗ ಮಿಜ್ನಾಳ ಬೆರಳಿನ ಗೆಣ್ಣುಗಳ ಚರ್ಮ ಸುಲಿಯಿತು. ಹೊಸ ಕೆತ್ತನೆ ಬೆಳ್ಳಗೆ ಕಾಣುತ್ತಿತ್ತು. ಕೊಬ್ಬಿಗೆ ಮಸಿ ಕಲಸಿ, ಕತ್ತೆಯ ಉಚ್ಚೆ ಬೆರೆಸಿ, ಗೆರೆಗಳೊಳಗೆ ತಿಕ್ಕಿದಳು. ಬೆಳಕು ಮೂಡುವ ಹೊತ್ತಿಗೆ ಶೇಖನ ಬರೆಗೆ ಅರವತ್ತು ವರ್ಷ ವಯಸ್ಸಾಗಿತ್ತು.

ತಮ್ಮ ಬಾವಿಗೆ ಗಳ ಹಾಸಿ, ಚರ್ಮ ಹೊದಿಸಿ, ಮರಳು ಸುರಿದು, ಮೇಲೆ ಇಪ್ಪತ್ತು ಕತ್ತೆಗಳನ್ನು ಓಡಾಡಿಸಿದರು. ಅಮ್ಶಾ ಅದರ ಮೇಲೆಯೇ ಒಲೆ ಹೂಡಿ ರೊಟ್ಟಿ ತಟ್ಟಲು ಕೂತಳು.

ಅವರು ಬಿಸಿಲೇರಿದ ಮೇಲೆ ಬಂದರು. ಹಿತ್ತಾಳೆಯ ಅಳತೆ ಯಂತ್ರದೊಂದಿಗೆ ಉತ್ತರದ ಸರ್ಕಾರದ ಕೆಂಪು ಮೂತಿಯ ಸಾಹೇಬ, ಅವನ ಮಾತು ತಿರುಗಿಸುವ ನಾಜಿ ಎಫೆಂದಿ, ಸುಲ್ತಾನನ ವಕೀಲ, ಮುತ್ಲಿಖ್, ಕೊನೆಗೆ ಕಾಲ್ನಡಿಗೆಯಲ್ಲಿ ಸಾಲ್ಮೀನ್.

"ಏಯ್ ಕತ್ತೆಯವಳೇ, ಆ ಕಡೆ ನಿಲ್ಲು," ಎಂದ ಎಫೆಂದಿ ಮೂಗಿಗೆ ಕರವಸ್ತ್ರ ಹಿಡಿದು. "ಗಾಳಿ ನಿನ್ನ ಕಡೆಯಿಂದ ಬೀಸ್ತಾ ಇದೆ."

ಮಿಜ್ನಾ ಆ ಕಡೆ ನಿಂತು, ಮುಂದೆ ನಡೆದು, ದಿಬ್ಬ ಹತ್ತಿಸಿ ಇಳಿಸಿ, ಕಲ್ಲು ತೋರಿಸಿದಳು. ಸಾಲ್ಮೀನ್ ಕಲ್ಲನ್ನು ನೋಡಿದ. ದಿಬ್ಬವನ್ನು ನೋಡಿದ. ಆಮೇಲೆ ಮಿಜ್ನಾಳ ಕೈಗಳನ್ನು ನೋಡಿದ. ಅವಳು ಕೈಗಳನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡಳು.

"ನಮ್ಮಜ್ಜ ಕೆತ್ತಿದ್ದು," ಎಂದ ಮುತ್ಲಿಖ್, ಎರಡು ಗೆರೆಗಳ ಮೇಲೆ ಕೋಲು ಆಡಿಸುತ್ತಾ.

"ನಿಮ್ಮಜ್ಜ ಒಂಟೆ ಬಾಲಾನೂ ಕಂಡೋನಲ್ಲ," ಎಂದ ಸುಲ್ತಾನನ ವಕೀಲ. "ನಮ್ಮೋರ ಕುರಿ ಕಾಯ್ತಿದ್ದ. ಕದ್ದು ಹಾಲು ಕುಡಿತಿದ್ದ."

"ಕೇಳಿಸ್ಕೋ ಹಂಗಾದ್ರೆ. ಇದು ನಮ್ಮಜ್ಜ ಕೆತ್ತಿದ ಕಲ್ಲು. ಇದೇ ಜಾಗದಲ್ಲಿ ಕೂತು ಕೆತ್ತಿದ್ದು. ಇದು ಸುಳ್ಳಾದ್ರೆ ನನ್ ಮೂರು ಹೆಂಡ್ರಿಗೂ ಈ ಗಳಿಗೇನೇ ತಲಾಖ್."

ಅಂಥ ಆಣೆಯಾದ ಮೇಲೆ ಮಾತಿಲ್ಲ. ಎಫೆಂದಿ ಅದನ್ನು ಬರೆದುಕೊಂಡ.

ಆಗ ವಕೀಲನ ಆಳೊಬ್ಬ ಕಲ್ಲು ಸರಿಸಿ ಬಕೆಟ್ ಬಿಟ್ಟ. ಹಗ್ಗ ಮುಗಿಯಿತು. ಕೆಳಗಿನಿಂದ ಒಣ ಸದ್ದು ಬಂತು. ಬಕೆಟ್‌ನಲ್ಲಿ ಮೇಲೆ ಬಂದದ್ದು ಒಂದು ಸತ್ತ ಓತಿಕ್ಯಾತ.

ಸಾಹೇಬ ಏನೋ ಕೇಳಿದ. ಎಫೆಂದಿ ಮಿಜ್ನಾಳ ಕಡೆ ತಿರುಗಿದ. "ನೀರಿದೆಯಾ ಇದರಲ್ಲಿ?"

"ಮಳೆ ಬಂದ್ರೆ ಇರ್ತದೆ ಸಾಮಿ."

"ಮಳೆ ಯಾವಾಗ ಬಂದಿತ್ತು?"

"ನನ್ ಮದ್ವೆ ವರ್ಷ."

ಎಫೆಂದಿ ಅದನ್ನು ತಿರುಗಿಸಿ ಹೇಳಿದ. ಸಾಹೇಬ ನಕ್ಷೆಯ ಮೇಲೆ ಒಂದು ಸುನ್ನೆ ಹಾಕಿ, ಪಕ್ಕದಲ್ಲಿ ಬಾವಿ ಅಂತ ಬರೆದ. ವಕೀಲ ಸುನ್ನೆ ನೋಡಿದ ಕೂಡಲೇ ಅದರಲ್ಲಿ ಅರ್ಧ ತಮಗೆ ಬೇಕೆಂದ. ಮಧ್ಯಾಹ್ನದವರೆಗೆ ಜಗಳವಾಗಿ, ಕೊನೆಗೆ ಗೆರೆಯನ್ನು ಸುನ್ನೆಯ ನಟ್ಟನಡುವೆ ಎಳೆದರು. ಉತ್ತರದ ಅರ್ಧದಲ್ಲಿ ಉತ್ತರದವರು ಸೇದತಕ್ಕದ್ದು, ದಕ್ಷಿಣದ ಅರ್ಧದಲ್ಲಿ ದಕ್ಷಿಣದವರು. ನೀರಿಲ್ಲದ್ದರಿಂದ ಠಾಣೆ ಬೇಡವೆಂದಾಯಿತು. ಕೈ ಕುಲುಕಿದರು. ಎರಡು ಕುರಿ ಕಡಿದರು. ಕರುಳು ಸಲೂಬಿಗಳಿಗೆ.

ಶೇಖನ ಡೇರೆಯ ಹಿಂದೆ ಕರುಳು ತೊಳೆಯುತ್ತಿದ್ದ ಮಿಜ್ನಾಗೆ ಒಳಗಿನ ಮಾತು ಕೇಳುತ್ತಿತ್ತು.

"ಹನ್ನೆರಡು ಮೊಳಕ್ಕೆ ಸಿಹಿ ನೀರು ಅಂದಿದ್ಯಲ್ಲೋ, ಸೂಳೆಮಗನೇ."

"ಆವಾಗ ಇತ್ತು ಧಣಿ."

"ಇದೇ ಬಾವೀನಾ?"

ಸಾಲ್ಮೀನ್ ತಡೆದು ಉತ್ತರ ಕೊಟ್ಟ. "ಧಣಿ ಆಣೆ ಇಟ್ಟವ್ರಲ್ಲ. ಬೇರೆ ಬಾವಿ ಅಂದ್ರೆ ಮೂರು ಅವ್ವಂದಿರ ಗತಿ ಏನಾಯ್ತದೆ?"

ಒಂಟೆ ಹಗ್ಗವನ್ನು ಸಾಹೇಬನ ಪೀಪಾಯಿಯ ನೀರಿನಲ್ಲಿ ನೆನೆಸಿ ಅವನಿಗೆ ಹೊಡೆದರು. ಮಿಜ್ನಾಳ ಕೈ ಕರುಳಿನಲ್ಲಿ ನಿಂತುಬಿಟ್ಟಿತು. ಹಗ್ಗ ಎತ್ತಿದಾಗಲೆಲ್ಲ ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಅನ್ನಿಸುತ್ತಿತ್ತು. ಪಕ್ಕದ ಡೇರೆಯಲ್ಲಿ ಸಾಹೇಬನಿಗೆ ಊಟದ ಮೇಲಿನ ಕಾಫಿ ಕೊಡುತ್ತಿದ್ದರು. ಸದ್ದೇನೆಂದು ಅವನು ಕೇಳಿದಾಗ ಎಫೆಂದಿ, ಕಂಬಳಿ ಕೊಡವುತ್ತಿದ್ದಾರೆ ಎಂದ.

ಸಂಜೆ ಸಾಲ್ಮೀನನನ್ನು ತಂದು ಗುಡಾರದ ಮುಂದೆ ಹಾಕಿಹೋದರು. ಎಲ್ಲ ಗಾಯಾಳುಗಳನ್ನೂ ಹಾಕುವ ಜಾಗದಲ್ಲೇ.

ಮಿಜ್ನಾ ಅವನ ಬೆನ್ನಿಗೆ ಜಿಂಕೆ ಕೊಬ್ಬು ಸವರಿದಳು. ಅವಳ ಗೆಣ್ಣುಗಳೂ ಉರಿಯುತ್ತಿದ್ದವು. ಬಟ್ಟಲಿನಲ್ಲಿ ನೀರು ಕೊಟ್ಟಳು. ಅವನು ಒಂದು ಗುಟುಕು ಬಾಯಲ್ಲಿ ಹಿಡಿದು, ನಿಧಾನವಾಗಿ ನುಂಗಿದ. ನಾಲ್ಕು ದಿನ ಸೇದಿದ್ದ ನೀರಿನ ರುಚಿ ನಾಲಿಗೆ ಮರೆಯುವುದಿಲ್ಲ.

"ನೀರೆಲ್ಲೀದು?"

"ಬಟ್ಟಲದು."

ಅವನು ಉಳಿದದ್ದನ್ನೂ ಕುಡಿದ. "ನಾಳೆ ಮತ್ತೆ ಕೇಳ್ತಾನೆ."

"ಏನಂತೀಯ?"

"ಕತ್ಲಿತ್ತು ಅಂತೀನಿ." ಹೊರಳಲು ಹೋಗಿ ಹಲ್ಲು ಕಚ್ಚಿದ. "ಬಳೆ ಮೊಟ್ಟೆಯಾಗಿತ್ತು, ಅಲ್ವಾ?"

"ಆಗಿತ್ತು."

"ಉಳಿ ಸರಿಯಿರ್ಲಿಲ್ಲ."

"ಉಳಿ ಸರಿಯಾಗೇ ಇತ್ತು."

ಒಲೆಯ ಮುಂದೆ, ಮರಳಿನಡಿಯ ಹನ್ನೆರಡು ಮೊಳದ ನೀರಿನ ಮೇಲೆ ಕೂತಿದ್ದ ಅಮ್ಶಾ ಬೊಚ್ಚು ಬಾಯಲ್ಲಿ ನಕ್ಕಳು. "ನಿನ್ ತಂಗಿ ಬರ್ಲಿ. ಈ ಕತೆ ಕೇಳಿ ನಕ್ಕೂ ನಕ್ಕೂ ಸಾಯ್ತಾಳೆ ಮುಂಡೆ."

ತಂಗಿ ನಗುತ್ತಾಳೆ, ನಿಜ. ನಕ್ಕದ್ದನ್ನು ಇನ್ನೊಬ್ಬಳಿಗೆ ಹೇಳುತ್ತಾಳೆ, ಇನ್ನೊಬ್ಬಳು ಗಂಡನಿಗೆ ಹೇಳುತ್ತಾಳೆ. ಬಂದಷ್ಟು ದಿನ ತಂಗಿಗೆ ನೀರು ಕೊಡಬಹುದು. ಬಾವಿ ಎಲ್ಲಿದೆ ಅಂತ ತೋರಿಸುವ ಹಾಗಿಲ್ಲ, ಈ ಕತೆಯನ್ನು ಅವಳಿಗೂ ಹೇಳುವ ಹಾಗಿಲ್ಲ. ಅಷ್ಟನ್ನು ಮಿಜ್ನಾ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು. ಸಾಲ್ಮೀನ್ ಕೆಳಗಿಟ್ಟ ಬಟ್ಟಲನ್ನು ಎತ್ತಿಕೊಂಡು, ತೊಳೆಯದೆ, ಅದರಲ್ಲೇ ನೀರು ತುಂಬಿಸಿ ಕುಡಿದಳು.