ತಲೆಗಿಷ್ಟು ಹೊಗೆ

ಕಂಪನಿ ಕೊಟ್ಟ ಕಾರಿನ ಮೇಲೆ ಶಂಭುಲಿಂಗನಿಗೆ ಎಲ್ಲಿಲ್ಲದ ಪ್ರೀತಿ. ಅದರ ಅಂದಚಂದ ನೋಡಿ ಅಲ್ಲ. ಅದೊಂದು ಏಳು ಸೀಟಿನ, ಕೆಸರು ಬಣ್ಣದ, ಹಿಂದಿನ ಬಾಗಿಲಿಗೆ ದೊಡ್ಡ ಮೆಕ್ಕೆಜೋಳದ ತೆನೆಯ ಚಿತ್ರ ಅಂಟಿಸಿಕೊಂಡ ಗಾಡಿ. ಆದರೆ ಅದು ಬಂದ ಮೇಲೆಯೇ ಹೆಂಡತಿ ಪ್ರತಿಭಾ ದಿನಾ ಸಂಜೆ ದಾಸನಕೊಪ್ಪದ ಮನೆಗೆ ಬಂದು ಉಣ್ಣತೊಡಗಿದ್ದು. ಅವಳಿಗೆ ಯಲ್ಲಾಪುರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಲ್ಯಾಬಿನ ಬಾಗಿಲು ಹಾಕುವ ಹೊತ್ತಿಗೆ ಊರು ಮುಟ್ಟಿಸುವ ಬಸ್ಸು ಹೋಗಿಬಿಟ್ಟಿರುತ್ತಿತ್ತು. ಹಾಗಾಗಿ ಮದುವೆಯಾದ ಹೊಸದರಲ್ಲಿ ಅಲ್ಲೇ ಒಂದು ಕೋಣೆ ಹಿಡಿದಿದ್ದಳು. ಸೋಮವಾರ ಹೋದವಳು ಶನಿವಾರ ಬರುವಳು. ಉಳಿದ ದಿನ ಗಂಡ ಹೆಂಡತಿ ಫೋನಿನಲ್ಲಿ ‘ಊಟ ಆತಾ?’ ಎಂದು ಕೇಳಿಕೊಂಡೇ ಸಂಸಾರ ಮಾಡಿದರು. ಬೀಜದ ಕಂಪನಿಯವರು ಶಂಭುಲಿಂಗನಿಗೆ ಯಲ್ಲಾಪುರ, ಕಿರವತ್ತಿ ಕಡೆಯ ಅಂಗಡಿಗಳನ್ನು ವಹಿಸಿ ಕಾರು ಕೊಟ್ಟ ದಿನವೇ ಆ ಕೋಣೆ ಖಾಲಿ ಮಾಡಿದರು.

ಇಂಥ ಸುಖಕ್ಕೆ ಕಂಪನಿಯ ಕಣ್ಣು ಬೀಳದೆ ಇರುತ್ತದೆಯೇ? ಕಾರಿನ ಸವಲತ್ತಿನ ಮೇಲೆ ಬೀಳುವ ತೆರಿಗೆಯನ್ನು ಇಷ್ಟು ದಿನ ತಾನೇ ಕಟ್ಟುತ್ತಿದ್ದ ಕಂಪನಿ, ಇನ್ನು ಮುಂದೆ ಹೊಗೆ ನೋಡಿ ಕಟ್ಟುತ್ತೇನೆ ಎಂದಿತು. ಹೊಗೆ ಕಡಿಮೆ ಇದ್ದರೆ ತೆರಿಗೆ ಕಂಪನಿಯದು, ಹೆಚ್ಚಿದ್ದರೆ ನೌಕರನ ಸಂಬಳದಿಂದ ಕಡಿತ. ಕೈಲಾಗದವರು ಕಾರು ವಾಪಸ್ ಕೊಡಬಹುದು. ಶಂಭುಲಿಂಗನ ಸಂಬಳ ಅಷ್ಟು ದೊಡ್ಡ ಕಡಿತವನ್ನು ತಾಳುವಂಥದ್ದಲ್ಲ.

ಮೊದಲಾದರೆ ಹೊಗೆ ಪರೀಕ್ಷೆ ಎಂದರೆ ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಕಾರು ನಿಲ್ಲಿಸಿ, ಸೈಲೆನ್ಸರಿಗೆ ಒಂದು ನಳಿಗೆ ತುರುಕಿಸಿ, ಚಹಾ ಕುಡಿದು ಬರುವ ಕೆಲಸ. ಈಗ ಕಂಪನಿಯ ಹೆಡ್ ಆಫೀಸಿನಿಂದ ಕಿಶೋರ ಎಂಬ ತೆಳ್ಳಗಿನ ಹುಡುಗ ಒಂದು ಪೆಟ್ಟಿಗೆ ಹಿಡಿದುಕೊಂಡು ಬಂದ. ಅದನ್ನು ಕಾರಿಗೆ ಬಿಗಿದು ರಸ್ತೆಯ ಮೇಲೆ ಓಡಿಸಬೇಕಂತೆ. ಹೊರಬಂದ ಹೊಗೆಯನ್ನು ಒಳಗೆ ಕೂತವರ ತಲೆಗಳಿಂದ ಭಾಗಿಸಬೇಕಂತೆ.

ಶಂಭುಲಿಂಗ ಸೀಟಿನ ಧೂಳು ಕೊಡವಿ, ಸ್ಟೆಪ್ನಿ ಕೂಡ ಇಳಿಸಿ, ಒಬ್ಬನೇ ಕೂತು ಹೂವಿನಂತೆ ಓಡಿಸಿಕೊಂಡು ಬಂದ. ಪೆಟ್ಟಿಗೆ ಒಂದು ಸಲ ಕೂಗಿ ಕೆಂಪಾಯಿತು.

“ಫೇಲ್ ಸಾರ್,” ಎಂದ ಕಿಶೋರ. “ತಲೆಯೇ ಇಲ್ಲ.”

“ನನ್ನ ತಲಿ ಐತೆಲ್ರಿ?”

“ಡ್ರೈವರ್ ತಲೆ ಲೆಕ್ಕಕ್ಕಿಲ್ಲ. ಡ್ರೈವರ್ ಗಾಡಿಯ ಭಾಗ. ನಾಳೆ ಇನ್ನೊಂದು ಸಲ ನೋಡೋಣ. ದಿನಾ ಯಾರು ಕೂರುತ್ತಾರೋ ಅವರನ್ನು ಕರಕೊಂಡು ಬನ್ನಿ.”

ಇದನ್ನು ಕೇಳಿಸಿಕೊಂಡದ್ದು ಶಂಭುಲಿಂಗನ ತಾಯಿ ಸಾವಿತ್ರವ್ವ. ನಾಲ್ಕು ಜನ ಸೇರುವ ಕೆಲಸಕ್ಕೆ ಕರೆಯದೆ ಯಾರಾದರೂ ಬರುತ್ತಾರೆಯೇ, ಕರೆದರೆ ಬರದೆ ಇರುತ್ತಾರೆಯೇ? ಆಕೆ ಇಳಕಲ್ ಸೀರೆ ಉಟ್ಟು, ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಹೋದಳು. “ನಾಳಿ ನಮ್ಮ ಶಂಭೂನ ಹೊಗಿ ಪರೀಕ್ಷಾ ಐತಿ. ತಪ್ಪದ ಬರ್ರಿ,” ಎಂದು ಹಣೆಗೆ ಹಚ್ಚಿ ಕರೆದಳು. ಬೆಳಗಾದರೆ ಅಂಗಳದಲ್ಲಿ ಮದುವೆಗೆ ಹೊರಟವರ ಹಾಗೆ ಜನ. ಕಾರು ಒಂದು, ಊರೆಲ್ಲ ತಲೆ. ಕೊನೆಗೆ ವಯಸ್ಸು, ಮಂಡಿನೋವು, ಹಳೆ ಸ್ನೇಹ ಎಲ್ಲ ನೋಡಿ ಆರು ಜನರನ್ನು ಆರಿಸಿದರು: ಸಾವಿತ್ರವ್ವ, ಪಕ್ಕದ ಮನೆಯ ಹಿರಿಯ ಅಂದಾನಪ್ಪ, ಕಿರಾಣಿ ಅಂಗಡಿಯ ಮಂಜಪ್ಪ, ಡೇರಿಯ ರವೀಂದ್ರ, ಹೊಲಿಗೆಯ ಮಮತಾ, ಮತ್ತು ಕಾರು ಬಂದ ದಿನದಿಂದ ಮುಂದಿನ ಸೀಟು ತನ್ನದೇ ಎಂದು ತಿಳಿದಿದ್ದ ಮುದುಕಿ ತಿಮ್ಮಿ.

ಕಿಶೋರ ಸ್ಕೂಟರಿನಲ್ಲಿ ಹಿಂದೆ ಹಿಂದೆ ಬಂದು ಹೊಗೆ ಕುಡಿದ. ಪೆಟ್ಟಿಗೆ ಹಸಿರಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಕಿಶೋರ ಕಾರಿನೊಳಗಿನ ಆರೂ ಮುಖಗಳ ಫೋಟೊ ತೆಗೆದು ಪೆಟ್ಟಿಗೆಗೆ ಹಾಕಿದ.

“ಫೋಟೊ ಎದಕ್ಕ ತಮ್ಮಾ?” ಎಂದು ಅಂದಾನಪ್ಪ ಮೀಸೆ ತಿದ್ದಿಕೊಂಡ.

“ಪರೀಕ್ಷೆ ಹೇಗೋ ಓಡಾಟವೂ ಹಾಗೇ ಇರಬೇಕಲ್ಲ ಅಜ್ಜಾ? ನಾಳೆಯಿಂದ ಈ ಆರು ಜನ ಕೂತರೆ ಮಾತ್ರ ತೆರಿಗೆ ಇಲ್ಲ. ಪೆಟ್ಟಿಗೆ ಕಾರಿನಲ್ಲೇ ಇರುತ್ತೆ. ಎಂಜಿನ್ ಓಡುವಾಗ ಒಂದು ತಲೆ ಬದಲಾದರೂ ಅದಕ್ಕೆ ಗೊತ್ತಾಗುತ್ತೆ.”

ಪ್ರತಿಭಾ ಆ ಹೊತ್ತಿಗೆ ಯಲ್ಲಾಪುರದಲ್ಲಿ ಯಾರದೋ ತೋಳಿಗೆ ಸೂಜಿ ಚುಚ್ಚುತ್ತಿದ್ದಳು. ಊರೆಲ್ಲ ಕರೆದ ಸಾವಿತ್ರವ್ವನಿಗೆ ಸೊಸೆಯನ್ನು ಕರೆಯಲು ನೆನಪಾಗಿರಲಿಲ್ಲ. ಮನೆಯವಳನ್ನು ಯಾರಾದರೂ ಕುಂಕುಮ ಹಚ್ಚಿ ಕರೆಯುತ್ತಾರೆಯೇ? ಶಂಭುಲಿಂಗನಿಗೂ, ನಿಜ ಹೇಳಬೇಕೆಂದರೆ, ಹಸಿರು ದೀಪ ನೋಡಿದ ಖುಷಿಯಲ್ಲಿ ಅವಳ ನೆನಪಾಗಲಿಲ್ಲ.

ಮರುದಿನ ಪ್ರತಿಭಾ ನಸುಕಿನ ಬಸ್ಸು ಹಿಡಿದಳು. “ಸಂಜಿಗೆ ಕರಕೊಂಡು ಬರ್ತೀನಿ, ಏನರ ಹೊಂದಾಣಿಕಿ ಮಾಡೋಣಂತ,” ಎಂದ ಶಂಭುಲಿಂಗ. ಆಮೇಲೆ ಆರು ಜನರನ್ನು ತುಂಬಿಕೊಂಡು ಕೆಲಸಕ್ಕೆ ಹೊರಟ. ಕಿರವತ್ತಿಯ ಅಂಗಡಿಗಳವರು ಇಷ್ಟು ಜನ ಇಳಿದದ್ದು ನೋಡಿ ಕಂಪನಿಯಿಂದ ತನಿಖೆ ಬಂತೆಂದು ಹೆದರಿ ಎಲ್ಲರಿಗೂ ಚಹಾ ತರಿಸಿದರು. ಮಮತಾ ಒಬ್ಬ ಅಂಗಡಿಯವನ ಅಂಗಿಗೆ ಗುಂಡಿ ಹಾಕಿಕೊಟ್ಟಳು. ತಿಮ್ಮಿ ಬೀಜದ ಪೊಟ್ಟಣ ಮೂಸಿ ನೋಡಿ ಸರಿಯಿಲ್ಲ ಎಂದಳು.

ಸಂಜೆ ಎಂಜಿನ್ ಆರಿಸದೆ ಕಾರು ಲ್ಯಾಬಿನ ಮುಂದೆ ನಿಂತಾಗ ಪ್ರತಿಭಾ ಟಿಫಿನ್ ಚೀಲ ಹಿಡಿದು ಓಡಿಬಂದು ಬಾಗಿಲು ತೆಗೆದಳು. ಒಳಗಿನಿಂದ ಆರು ಮುಖಗಳು ಅವಳನ್ನು ನೋಡಿ ನಕ್ಕವು.

“ಬಾರವ್ವಾ, ಬಾ,” ಎಂದು ಸಾವಿತ್ರವ್ವ ತೊಡೆ ತಟ್ಟಿ ತೋರಿಸಿದಳು.

ಪ್ರತಿಭಾ ಅತ್ತೆಯ ತೊಡೆಯ ಮೇಲೆ ಕೂತದ್ದೇ ತಡ, ಪೆಟ್ಟಿಗೆ ಕೆಂಪಾಗಿ ಒದರತೊಡಗಿತು. ಇಳಿದಳು. ಸುಮ್ಮನಾಯಿತು. ಅಂದಾನಪ್ಪ ದೊಡ್ಡ ಮನಸ್ಸು ಮಾಡಿ, “ನಾ ಇಳೀತೇನಿ, ಎಲ್ಲೆರ ಮಲಗಿ ಬರ್ತೇನಿ,” ಎಂದು ಒಂದು ಕಾಲು ಹೊರಗಿಟ್ಟ. ಪೆಟ್ಟಿಗೆ ಅದಕ್ಕೂ ಒದರಿತು. ಕಾಲು ಒಳಗೆ ಹೋಯಿತು.

ಶಂಭುಲಿಂಗ ಕಿಶೋರನಿಗೆ ಫೋನ್ ಮಾಡಿ ಬೇಡಿಕೊಂಡ, ರೇಗಿದ, ಮತ್ತೆ ಬೇಡಿಕೊಂಡ. “ಹೆಂಡತಿ ಅಂತ ಒಂದು ಕಾಲಂ ಇಲ್ಲ ಸಾರ್,” ಎಂದ ಕಿಶೋರ. ಅವನ ದನಿಯಲ್ಲೂ ಮರುಕವಿತ್ತು. “ಮರುಪರೀಕ್ಷೆ ಬರುವ ವರ್ಷವೇ.”

ಕತ್ತಲಾಗುತ್ತಿತ್ತು. ಕಾರು ಬಿಟ್ಟರೆ ಪ್ರತಿಭಾ ಮತ್ತೆ ಕೋಣೆಗೆ, ಇಟ್ಟುಕೊಂಡರೂ ಕೋಣೆಗೆ. ಯಾವ ಕಡೆಯಿಂದ ಲೆಕ್ಕ ಹಾಕಿದರೂ ಉತ್ತರ ಅದೇ. ಒಳಗಿದ್ದ ಆರು ಜನರೂ ಶಂಭುಲಿಂಗನಿಗಾಗಿಯೇ ಮನೆ ಮಠ ಬಿಟ್ಟು ಬಂದವರು, ಯಾರನ್ನು ಬೈಯುವುದು? ಅವನು ಹೆಂಡತಿಯ ಮುಖ ನೋಡಿದ. ಇಡೀ ದಿನ ನಿಂತು ಕೆಲಸ ಮಾಡಿದ ಆಯಾಸ ಅಲ್ಲಿತ್ತು. ಆ ಕೋಣೆಯ ಹೆಸರು ಎತ್ತಿದರೆ ಅತ್ತುಬಿಡುತ್ತಾಳೆ ಎನ್ನಿಸಿತು.

ಅವನು ಇಳಿದು ಕೀಲಿ ಅವಳ ಕೈಯಲ್ಲಿಟ್ಟ.

“ನೀ ಓಡಿಸು. ನಿನಗ ಬರ್ತೈತೆಲ್ಲ. ಡ್ರೈವರ್ ಯಾರರ ಆಗಬಹುದು.”

“ಮತ್ತ ನೀವ್ರೀ?”

“ನಿನ್ನ ಆ ಕೋಣಿ ಇನ್ನೂ ಖಾಲಿ ಐತಂತ. ಮುಂಜಾನಿ ನೀ ಕಾರ್ ತಂದು ಇಲ್ಲೇ ಕೊಡು.”

ಪ್ರತಿಭಾ ಏನೋ ಹೇಳಹೋದಳು, ಮುಂದಿನ ಸೀಟಿನಿಂದ ತಿಮ್ಮಿ ಹೊತ್ತಾಯಿತೆಂದು ಗೊಣಗಿದಳು. ಪ್ರತಿಭಾ ಡ್ರೈವರ್ ಸೀಟಿನಲ್ಲಿ ಕೂತಳು. ಪೆಟ್ಟಿಗೆ ಪಿಟ್ಟೆನ್ನಲಿಲ್ಲ. ಮೆಕ್ಕೆಜೋಳದ ತೆನೆ ತಿರುವಿನಲ್ಲಿ ಮರೆಯಾಗುವವರೆಗೂ ಶಂಭುಲಿಂಗ ರಸ್ತೆಯಲ್ಲೇ ನಿಂತಿದ್ದ.

ಕೋಣೆಯಲ್ಲಿ ಒಂದು ಚಾಪೆ, ಒಂದು ಸ್ಟೌವಿನ ಗುರುತು. ಊಟ ಸೇರಲಿಲ್ಲ. ಕೊನೆಗೆ ಫೋನ್ ಬಂತು, ಸಾವಿತ್ರವ್ವನದು.

“ಮುಟ್ಟಿದ್ವಪಾ. ಎಲ್ಲಾರೂ ಅವರವರ ಮನಿಗೆ ಹೋದ್ರು.”

“ಪ್ರತಿಭಾ ಉಂಡ್ಲೇನು?”

“ಇಲ್ಲಪಾ, ಬಾಗಲದಾಗ ನಿಂತಾಳ,” ಎಂದಳು ಸಾವಿತ್ರವ್ವ. “ಕಾರಂತೂ ಬಂದೈತಿ. ಇನ್ಯಾರ ದಾರಿ ನೋಡ್ತಾಳೋ ಏನೋ.”