ಕಾರ್ಡಿನ ಮೇಲೆ ಬಂದ ಕುಕ್ಕರು

ಬೆಟ್ಟಮ್ಮ ಬಂದಾಗ ಜಯಶೀಲೆಯ ಅಡುಗೆಮನೆಯಲ್ಲಿ ಕುಕ್ಕರು ಕೂಗುತ್ತಿತ್ತು.

"ಅಕ್ಕಾವ್ರೆ, ನಮ್ಮೆಜಮಾನ್ರನ್ನ ಕೆಲ್ಸದಿಂದ ನಿಲ್ಸವ್ರೆ," ಎಂದು ಹೊಸ್ತಿಲ ಆಚೆಯೇ ಕುಳಿತಳು.

ಅವಳ ಗಂಡ ಮುದ್ದಯ್ಯ ಕೆ.ಆರ್. ಪೇಟೆಯ ಬೀಜದ ಕಂಪನಿಯಲ್ಲಿ ಜವಾನ. ಜಯಶೀಲೆಯ ಗಂಡ ದೇವರಾಜು ಅಲ್ಲಿಯೇ ಮ್ಯಾನೇಜರು. ಕಂಪನಿಯದೊಂದು ಖರೀದಿ ಕಾರ್ಡಿತ್ತು. ಅದನ್ನು ತೋರಿಸಿದರೆ ಪೇಟೆಯ ಅಂಗಡಿಯವರು ಸಾಮಾನು ಕೊಡುತ್ತಿದ್ದರು. ದುಡ್ಡು ತಿಂಗಳ ಕೊನೆಗೆ ಕಂಪನಿಯಿಂದ ಹೋಗುತ್ತಿತ್ತು. ಕಾರ್ಡು ಹಿಡಿದು ಅಂಗಡಿಗೆ ಹೋಗುತ್ತಿದ್ದವನು ಮುದ್ದಯ್ಯ.

"ಕಾರ್ಡಲ್ಲಿ ಕುಕ್ಕರ್ ಹೊಡ್ಕೊಂಡವ್ನೆ ಅಂತಾವ್ರೆ. ಮುದ್ದೆ ತಿನ್ನೋರ್ಗೆ ಯಾಕಕ್ಕಾವ್ರೆ ಕುಕ್ಕರು?" ಬೆಟ್ಟಮ್ಮ ನಗಲು ನೋಡಿದಳು. "ಸಾಹೇಬ್ರು ಹೇಳಿದ್ರು, ಅವ್ರ ಮನೆಗೇ ತಂದ್ಕೊಟ್ಟೆ ಅಂತಾರೆ ಇವ್ರು. ನೀವೊಂದ್ ಮಾತು ಹೇಳ್ಬುಟ್ರೆ..."

ಒಳಗೆ ಕುಕ್ಕರು ಮತ್ತೆ ಕೂಗಿತು. ಇಬ್ಬರೂ ಅತ್ತ ನೋಡಲಿಲ್ಲ.

ತೊಂಬತ್ತೈದರ ಯುಗಾದಿಗೆ ಗಂಡ ಕೊಡಿಸಿದ್ದೆಂದು ಜಯಶೀಲೆ ಓಣಿಯ ಹೆಂಗಸರಿಗೆಲ್ಲ ಅದನ್ನು ತೋರಿಸಿದ್ದಳು. ಮದುವೆಯಾದ ಮೇಲೆ ಅವಳು ಕೇಳದೆಯೇ ಅವನು ತಂದ ಒಂದೇ ವಸ್ತು. ಈಗ ಅವನನ್ನು ಕಳ್ಳನೆನ್ನಲು ಬಾಯಿ ಬರಲಿಲ್ಲ. ಸುಳ್ಳು ಹೇಳಲೂ ಬರಲಿಲ್ಲ. ಅನ್ನವನ್ನು ಬೇರೆ ಪಾತ್ರೆಗೆ ಹಾಕಿ, ಕುಕ್ಕರು ತೊಳೆದು ತಂದು ಬೆಟ್ಟಮ್ಮನ ಮಡಿಲಿಗಿಟ್ಟಳು.

"ತಗೊಂಡ್ ಹೋಗು. ನಂಗಿದು ಬ್ಯಾಡ."

ವಸ್ತು ಕೊಟ್ಟರೆ ಮಾತು ಕೊಟ್ಟ ಹಾಗೆ ಎಂದು ಬೆಟ್ಟಮ್ಮ ತಿಳಿದಳು. ಕಣ್ಣೊರೆಸಿಕೊಂಡು, ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟಳು.

ಸಂಜೆ ಊಟಕ್ಕೆ ಕುಳಿತ ದೇವರಾಜು ಒಲೆಯ ಕಡೆ ನೋಡಿದ. "ಕುಕ್ಕರೆಲ್ಲಿ?"

"ಮುದ್ದಯ್ಯನ ಹೆಂಡ್ರಿಗೆ ಕೊಟ್ಟೆ."

ಬೈಯುತ್ತಾನೆಂದು ಕಾದಳು. ಅವನು ತುತ್ತು ನುಂಗಿ, ಹಗುರಾಗಿ ಉಸಿರುಬಿಟ್ಟ.

"ಒಳ್ಳೇದೇ ಮಾಡ್ದೆ ಬುಡು. ನಾಳೆ ಕಂಪ್ನಿಯೋರು ಅವ್ನ ಮನೆ ತಪಾಸಣೆಗೆ ಬತ್ತಾವ್ರೆ."

ಸಾರಿನ ಸೌಟು ಅವಳ ಕೈಯಲ್ಲೇ ನಿಂತಿತು. ಕಿಟಕಿಯಲ್ಲಿ ಕುಕ್ಕರಿನ ವಿಷಲ್ ಒಣಗುತ್ತಿತ್ತು. ಅವಸರದಲ್ಲಿ ಕೊಡಲು ಮರೆತಿದ್ದಳು. ಅದನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲತ್ತ ನಡೆದಳು.

"ಎಲ್ಲಿಗ್ ಹೊಂಟೆ?"

"ವಿಷಲ್ ಇಲ್ಲೇ ಉಳ್ಕೊಂಡದೆ. ಕುಕ್ಕರು ಯಾರ ಮನೇಲಿತ್ತು ಅಂತ ಹೇಳಕ್ಕೆ ಇದೊಂದ್ ಸಾಕು."

ಅವನು ಎಂಜಲು ಕೈಯಲ್ಲೇ ಅಡ್ಡ ಬಂದು ಎಡಗೈ ಚಾಚಿದ. "ಕೊಡಿಲ್ಲಿ. ನನ್ ಕೆಲ್ಸ ಹೋಯ್ತು ಅಂದ್ರೆ ಏನ್ ತಿಂದೀಯ, ಮುದ್ದಯ್ಯನ್ ಮನೆ ಮುದ್ದೆಯಾ?"

ಎಷ್ಟೋ ಹೊತ್ತು ಮುಷ್ಟಿ ಬಿಗಿಯಾಗಿಯೇ ಇತ್ತು. ಆಮೇಲೆ ಬೆರಳುಗಳು, ಬೇರೆ ಯಾರದೋ ಎಂಬಂತೆ, ತೆರೆದುಕೊಂಡವು.

ಮರುದಿನ ಹಳೆಯ ಹಿತ್ತಾಳೆ ತಪ್ಪಲೆಯಲ್ಲಿ ಅನ್ನಕ್ಕಿಟ್ಟಳು. ಓಣಿಯ ಕೊನೆಯಿಂದ ಬೆಟ್ಟಮ್ಮನ ಗೋಳು ಕೇಳಿಸಿತು. ಅದನ್ನು ಅಡಗಿಸಲು ಮನೆಯಲ್ಲಿ ಕೂಗುವಂಥದ್ದು ಏನೂ ಇರಲಿಲ್ಲ.