ಸೊನ್ನೆಯ ಕೆಳಗಿನ ಗೆರೆ

ಸೊಂದೋಸ್ ಮೂರನೆಯ ಸಲ ಅಂಕಿಗಳನ್ನು ಹೊಸ ಸಾಫ್ಟ್‌ವೇರಿಗೆ ಉಣಿಸಿದಳು. ಮೂರನೆಯ ಸಲವೂ ಅದು ಗ್ರಾಫಿನಲ್ಲಿ ಮಾರ್ಚ್ ತಿಂಗಳ ಮೂರು ಚುಕ್ಕೆಗಳನ್ನು ನುಂಗಿ, ಉಳಿದವುಗಳ ಮೇಲೆ ನುಣ್ಣನೆಯ ಗೆರೆ ಎಳೆಯಿತು.

"ನೋಡಿದ್ಯಾ?" ಬೆನ್ನ ಹಿಂದೆ ನಿಂತಿದ್ದ ಪ್ರೊಫೆಸರ್, ಎಲ್ಲರೂ ಗೌರವದಿಂದ ಸಿ ಲಮ್ಜದ್ ಎನ್ನುವವರು, ಖರ್ಜೂರ ತುಂಬಿದ ಮಕ್ರೂದ್ ಸಿಹಿ ಚಪ್ಪರಿಸುತ್ತ ಅಂದರು. "ಗುಂಪಿಗೆ ಸೇರದವನ್ನ ತಾನೇ ಆರಿಸಿ ಆಚೆ ಹಾಕುತ್ತೆ. ಇನ್ಮೇಲೆ ಲ್ಯಾಬಿಗೆಲ್ಲ ಇದೇ. ನಿನ್ನ ಆ ಪುಕ್ಕಟೆ ಸಾಫ್ಟ್‌ವೇರ್ ಗ್ರಾಫು, ಬೇಜಾರಾಗ್ಬೇಡ ಮಗಳೇ, ಗೋಡೆ ಮೇಲೆ ಸೊಳ್ಳೆ ಹೊಡೆದ ಹಾಗಿರುತ್ತೆ."

ಆ ಮೂರು ಚುಕ್ಕೆಗಳಿಗಾಗಿ ಸೊಂದೋಸ್ ಸ್ಫಾಕ್ಸ್ ಬಂದರಿನ ದಕ್ಷಿಣಕ್ಕೆ, ಕಾರ್ಖಾನೆಯ ಕೊಳಚೆ ಸೇರುವ ಕಡಲಂಚಿನ ಕೆಸರಿನಲ್ಲಿ ಮೊಣಕಾಲವರೆಗೆ ಹೂತು, ಕಪ್ಪೆಚಿಪ್ಪು ಆರಿಸುವ ಹೆಂಗಸರ ಜೊತೆ ನಿಂತಿದ್ದಳು. ಚಿಪ್ಪಿನೊಳಗಿನ ಮಾಂಸ ಅರೆದು, ಆಮ್ಲದಲ್ಲಿ ಕರಗಿಸಿ ಅಳೆದಿದ್ದಳು. ವಿಷಲೋಹ ಕ್ಯಾಡ್ಮಿಯಂ ಮಿತಿಗಿಂತ ನಾಲ್ಕು ಪಟ್ಟು. ಮಾರಾಟಕ್ಕಾಗದ ಸಣ್ಣ ಚಿಪ್ಪುಗಳನ್ನು ಆ ಹೆಂಗಸರು ಮನೆಗೊಯ್ದು, ಹರಿಸ್ಸಾ ಖಾರ ಹಾಕಿ ಬೇಯಿಸಿ, ಮಕ್ಕಳಿಗೆ ಬಡಿಸುತ್ತಾರೆ.

"ಅಳತೆ ತಪ್ಪಿಲ್ಲ, ಸಿ ಲಮ್ಜದ್. ಮೂರು ಬೇರೆ ಬೇರೆ ದಿನ ಅಳೆದಿದ್ದೀನಿ."

"ನೀನು ತಪ್ಪು ಮಾಡ್ದೆ ಅಂದೋರ್ಯಾರು? ಸಾಫ್ಟ್‌ವೇರ್ ಹೇಳ್ತಿದೆ, ಅಷ್ಟೇ."

"ಜನವರಿ ಬಗ್ಗೆ ಏನು ಹೇಳ್ತಿದೆ ಅದನ್ನೂ ನೋಡಿ."

ಅವರು ಕನ್ನಡಕ ಹಣೆಗೇರಿಸಿ ಬಾಗಿದರು. ಚೆಂದವಾಗಿ ಬಳುಕುವ ಭರದಲ್ಲಿ ಗೆರೆ ಅಲ್ಲಿ ಸೊನ್ನೆಗಿಂತ ಕೆಳಗೆ ಇಳಿದಿತ್ತು.

"ಇಲ್ಲವೇ ಇಲ್ಲ ಅನ್ನೋದಕ್ಕಿಂತಲೂ ಕಡಿಮೆ ವಿಷ," ಎಂದಳು ಸೊಂದೋಸ್. "ಜನವರಿ ಚಿಪ್ಪು ತಿಂದ್ರೆ ನಮ್ಮ ಮೈಯಲ್ಲಿರೋದನ್ನೂ ಹೀರಿಕೊಳ್ಳುತ್ತೋ ಏನೋ!"

ಸಿ ಲಮ್ಜದ್ ನಗಲಿಲ್ಲ. ಅವಳ ಕೈಯಿಂದ ಮೌಸ್ ಕಸಿದು, ಗ್ರಾಫಿನ ಕೆಳಗಿನ ಅಂಚನ್ನು ಸೊನ್ನೆಗೆ ಕತ್ತರಿಸಿದರು. ಇಳಿದಿದ್ದ ಗೆರೆ ಕಾಣೆಯಾಯಿತು. ಮೌಸಿನ ಮೇಲೆ ಖರ್ಜೂರದ ಪಾಕ, ಎಣ್ಣೆ ಅಂಟಿ ಹೊಳೆಯಿತು. ಸೊಂದೋಸ್ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ಮುಗೀತಲ್ಲ? ಕಾರ್ಖಾನೆಯವರಿಗೂ ಸಮಾಧಾನ, ಸಂಶೋಧನಾ ಪತ್ರಿಕೆಯವರಿಗೂ ಸಮಾಧಾನ." ಅವರ ದನಿ ಮೆದುವಾಯಿತು. "ಕೇಳು ಮಗಳೇ. ಲೇಖನ ಈ ವಾರವೇ ಹೋಗಲಿ. ಮೊದಲ ಹೆಸರು ನಿನ್ನದು. ಸೆಪ್ಟೆಂಬರಿಗೆ ಕಾಯಂ ಹುದ್ದೆ. ಆಯ್ಕೆ ಸಮಿತಿಯಲ್ಲಿ ನಾನೇ ಇದ್ದೀನಿ. ಆರು ವರ್ಷದಿಂದ ಇದಕ್ಕೇ ಕಾಯ್ತಿದ್ದೀಯಲ್ಲ?"

ಇದಕ್ಕೇ ಕಾಯುತ್ತಿದ್ದಳು. ಮನೆಯಲ್ಲಿ ತಾಯಿ ದಿನಾ ಕೇಳುವುದೂ ಇದನ್ನೇ. ಆದರೂ ಆ ನುಣ್ಣನೆಯ ಗೆರೆ ನೋಡಿದಷ್ಟೂ ಅವಳಿಗೆ ಬಾಯಲ್ಲಿ ಹುಳಿ ಬಂತು.

"ಬೇಡ," ಎಂದಳು. "ಹುದ್ದೆಯೂ ಬೇಡ. ಇದರ ಮೇಲೆ ನನ್ನ ಹೆಸರೂ ಬೇಡ."